ಮೂಲೆಯವರಿಗೆ ಒಂದು ಅರ್ಜಿ

ಟೆಲಿವಿಷನ್ ಕಾರ್ಯಕ್ರಮಗಳಿಗೆ ಸದ್ದು ಕೂಡಿಸುವ ವಿದ್ಯೆಯನ್ನು ಬಲ್ಲವರು ನಮ್ಮ ನಡುವೆ ಹೆಚ್ಚು ಮಂದಿಯಿಲ್ಲ. ಬಲ್ಲವರಲ್ಲಿಯೂ ಮೂವತ್ತಾರು ವರ್ಷಗಳ ಕಾಲ ಒಂದೇ ಕೇಂದ್ರದ ಒಂದೇ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಕುಳಿತು, ಬಿರುಬಿಸಿಲಿನ ದಿನ ಮಳೆ ಸುರಿಸಿ, ಕುದುರೆಯನ್ನೇ ಕಾಣದ ಬೀದಿಯಲ್ಲಿ ಕುದುರೆ ಓಡಿಸಿದವರು ಒಬ್ಬರೇ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಧ್ವನಿ ವಿಭಾಗದ ಮುಖ್ಯಸ್ಥರಾದ ಅವರನ್ನು ಬಾಗಿಲ ಕಾವಲುಗಾರರಿಂದ ಹಿಡಿದು ಕೇಂದ್ರದ ನಿರ್ದೇಶಕರವರೆಗೆ ಎಲ್ಲರೂ ಸದ್ದಣ್ಣ ಎಂದೇ ಕರೆಯುತ್ತಾರೆ. ಹೆಸರಿಗೆ ಸದ್ದಣ್ಣನಾದರೂ ಅವರಷ್ಟು ಸದ್ದಿಲ್ಲದೆ ಓಡಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಅವರು ಹಿಂದೆ ಬಂದು ನಿಂತದ್ದು ಗೊತ್ತಾಗದೆ ಅವರ ಬಗ್ಗೆಯೇ ಮಾತಾಡಿ ಸಿಕ್ಕಿಬಿದ್ದವರು ನಮ್ಮ ಕೇಂದ್ರದಲ್ಲಿ ಕನಿಷ್ಠ ಹತ್ತು ಮಂದಿಯಾದರೂ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು.

ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕ ಸಮಿತಿಯ ಕಾರ್ಯದರ್ಶಿಗಳು ನನಗೆ ಬರೆದ ಪತ್ರದಲ್ಲಿ, ಲೇಖನವು ಸದ್ದಣ್ಣನವರ ವೃತ್ತಿಸಾಧನೆಯನ್ನು ಕುರಿತದ್ದಾಗಿರಲಿ, ಲೇಖಕರ ಸ್ವಂತ ವಿಷಯಗಳು ಬೇಡ ಎಂದು ಸೂಚಿಸಿದ್ದಾರೆ. ಅವರಲ್ಲಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸದ್ದಣ್ಣನವರ ಕೈಕೆಳಗೆ ನಾನು ದುಡಿದದ್ದು ಇಪ್ಪತ್ತೆರಡು ವರ್ಷ. ಆದರೆ ಅವರಿಗೂ ನನಗೂ ಇರುವ ಸಂಬಂಧ ಅದಕ್ಕಿಂತ ಹನ್ನೆರಡು ವರ್ಷ ಹಳೆಯದು. ಒಂಬತ್ತು ವರ್ಷದವಳಿದ್ದಾಗ ನಾನೊಂದು ತಪ್ಪು ಮಾಡಿದೆ. ಆ ತಪ್ಪಿನಿಂದಲೇ ಮಕ್ಕಳ ಒಂದು ಒಳ್ಳೆಯ ಕಾರ್ಯಕ್ರಮ ನಿಂತುಹೋಯಿತೆಂದು ಮೊನ್ನೆಮೊನ್ನೆಯವರೆಗೂ ನಂಬಿಕೊಂಡಿದ್ದೆ. ಆ ಕಾರ್ಯಕ್ರಮದಲ್ಲಿ ಸದ್ದಣ್ಣನವರ ಪ್ರಾಣವೇ ಇತ್ತು. ಇದನ್ನು ಬಿಟ್ಟು ಅವರ ಸಾಧನೆಯ ಬಗ್ಗೆ ಬರೆದರೆ ಉಪ್ಪು ಹಾಕದ ಅಡುಗೆಯಾದೀತು.

ಸದ್ದಣ್ಣನವರು ಕೇಂದ್ರಕ್ಕೆ ಸೇರಿದ ಎರಡನೆಯ ವರ್ಷ, ಗುರುವಾರ ಸಂಜೆ ಐದೂವರೆಗೆ, ‘ಅಟ್ಟದ ಮೇಲಿನವರು’ ಎಂಬ ಇಪ್ಪತ್ತು ನಿಮಿಷಗಳ ಗೊಂಬೆಯಾಟ ಪ್ರಸಾರವಾಗತೊಡಗಿತು. ನನ್ನ ಓರಗೆಯವರ ಮುಂದೆ ಈ ಹೆಸರು ಹೇಳಿದರೆ ಸಾಕು, ಮುಖ ಅರಳುತ್ತದೆ. ನನಗಿಂತ ಐದಾರು ವರ್ಷ ಚಿಕ್ಕವರಿಗೆ ಅದು ಗೊತ್ತೇ ಇಲ್ಲ. ಹಾಗೆ ಬಂದು ಹೀಗೆ ಹೋಯಿತು. ಬಂದದ್ದು ಒಟ್ಟು ಒಂಬತ್ತು ಕಂತು. ಈ ಒಂಬತ್ತು ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಒಂದು ಮನೆಯ ಅಟ್ಟ. ಮನೆಯವರು ಬೇಡವೆಂದು ಎತ್ತಿಟ್ಟ ಸಾಮಾನುಗಳೆಲ್ಲ ಅಲ್ಲಿ ಸಂಸಾರ ಹೂಡಿವೆ. ಕಡ್ಡಿ ಮುರಿದ ಕೊಡೆಮಾವ, ಮುಚ್ಚಳ ಕಳೆದುಕೊಂಡ ಕೆಟಲಮ್ಮ, ಜೋಡಿಯಿಲ್ಲದ ಒಂಟಿಬೂಟು, ಎಲ್ಲರ ಜಗಳವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಟ್ರಂಕಜ್ಜ. ಐದನೆಯ ಗೊಂಬೆಯನ್ನು ಮಾಡುವಷ್ಟರಲ್ಲಿ ಗೊಂಬೆ ಮಾಡುವವರು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡರಂತೆ. ಆ ಪಾತ್ರವನ್ನೇ ಬಿಟ್ಟುಬಿಡೋಣವೆಂದು ಎಲ್ಲರೂ ಕೈಚೆಲ್ಲಿದಾಗ, “ಗೊಂಬೆ ಇಲ್ಲದಿದ್ರೆ ಏನಂತೆ, ಸದ್ದು ಇದೆಯಲ್ಲ” ಎಂದು ಮುಂದೆ ಬಂದವರು ಇಪ್ಪತ್ತಾರರ ಸದ್ದಣ್ಣ. ಹಾಗೆ ಹುಟ್ಟಿದವರು ಟ್ರಂಕಜ್ಜನ ಹಿಂದಿನ ಕತ್ತಲಲ್ಲಿರುವ, ಯಾರಿಗೂ ಕಾಣದ ಮೂಲೆಯವರು. ಮೊದಲು ಏನನ್ನೋ ಎಳೆದಂತೆ ಸರ್ರ್ ಎಂಬ ಸದ್ದು, ಆಮೇಲೆ ಹೂಂ ಎಂಬ ಉದ್ದನೆಯ ಉಸಿರು, ಕೊನೆಗೆ ಟಕ್, ಟಕ್, ಟಕ್. ಮೂಲೆಯವರ ಮಾತು ಅಷ್ಟೇ. ಅದನ್ನು ಅರ್ಥ ಮಾಡಿಕೊಂಡು ಉಳಿದವರಿಗೆ ಹೇಳುವ ಕೆಲಸ ಕೊಡೆಮಾವನದು. ಮರಳಿನ ಮೇಲೆ ಚರ್ಮದ ಚೀಲ ಎಳೆದು, ಖಾಲಿ ಬಾಟಲಿಯ ಬಾಯಿಗೆ ಊದಿ, ಬಟ್ಟೆ ಒಣಹಾಕುವ ಮರದ ಕ್ಲಿಪ್ಪನ್ನು ಮೂರು ಸಲ ಒತ್ತಿದರೆ ಮೂಲೆಯವರು ತಯಾರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ತಿಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಮ್ಮಪ್ಪ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಮೋಟಾರು ಹೊಲಿಗೆ ಯಂತ್ರ ತಿರುಗಿದರೆ ಟಿವಿಯಲ್ಲಿ ಗೆರೆಗಳು ಏಳುತ್ತಿದ್ದುದರಿಂದ ಗುರುವಾರ ಐದೂವರೆಗೆ ಅಮ್ಮ ಯಂತ್ರ ನಿಲ್ಲಿಸಿ ಗುಂಡಿ ಹಚ್ಚುವ ಕೆಲಸ ಹಿಡಿಯುತ್ತಿದ್ದರು. ನಾನೂ ಐದು ವರ್ಷದ ನನ್ನ ತಮ್ಮನೂ ಟಿವಿಯ ಮುಂದೆ ನೆಲದ ಮೇಲೆ. ಅಪ್ಪನ ಕಚೇರಿ ನಮ್ಮ ಬೀದಿಯ ಕೊನೆಯಲ್ಲೇ ಇದ್ದುದರಿಂದ ಅವರು ಆ ಹೊತ್ತಿಗೆ ಮನೆಗೆ ಬಂದು, ನಮ್ಮ ಬೆನ್ನ ಹಿಂದೆ ಮೂಲೆಯ ಕುರ್ಚಿಯಲ್ಲಿ ಪೇಪರು ಬಿಡಿಸಿಕೊಂಡು ಕೂರುತ್ತಿದ್ದರು. ಅವರು ಟಿವಿಯತ್ತ ತಲೆಯೆತ್ತಿದ್ದನ್ನು ನಾನಂತೂ ನೋಡಿದವಳಲ್ಲ.

ಮೂರನೆಯ ಕಂತಿನ ಹೊತ್ತಿಗೆ ತಮ್ಮನಿಗೆ ಮೂಲೆಯವರ ಭಯ ಹಿಡಿದುಬಿಟ್ಟಿತು. ಟಿವಿಯಲ್ಲಿದ್ದ ಮೂಲೆ ನಮ್ಮ ಮನೆಯ ಮೂಲೆಗಳಿಗೆಲ್ಲ ಬಂದು ಸೇರಿಕೊಂಡಿತು. ಮನೆಗೆ ಮೂಲೆಗಳು ಎಷ್ಟಿರುತ್ತವೆ ಎಂಬುದು ಅಂಥ ತಮ್ಮನಿದ್ದವರಿಗೇ ಗೊತ್ತು. ನನ್ನ ಫ್ರಾಕಿನ ತುದಿ ಹಿಡಿಯದೆ ಅವನು ಒಂದು ಹೆಜ್ಜೆ ಇಡುತ್ತಿರಲಿಲ್ಲ. ನೀರು ಕುಡಿಯಲು ನಾನು, ಬಚ್ಚಲಿಗೆ ಹೋಗಲು ನಾನು, ಬಿದ್ದ ಪೆನ್ಸಿಲ್ ಹೆಕ್ಕಿಕೊಡಲು ನಾನು. ನನಗೋ ಮೂಲೆಯವರೆಂದರೆ ಪ್ರಾಣ. ಆದರೆ ಮೂರು ವಾರ ತಮ್ಮನನ್ನು ಬಾಲದ ಹಾಗೆ ಕಟ್ಟಿಕೊಂಡು ತಿರುಗಿದ ಮೇಲೆ ಆರನೆಯ ಕಂತಿನ ಮರುದಿನ ನನ್ನ ತಾಳ್ಮೆ ಕೆಟ್ಟಿತು. ಇದಕ್ಕೊಂದು ಗತಿ ಕಾಣಿಸಬೇಕೆಂದು ಅರ್ಜಿ ಬರೆಯಲು ಕುಳಿತೆ.

ಅರ್ಜಿಯೇ ಏಕೆ ಎಂದರೆ, ನಮ್ಮ ಮನೆಯಲ್ಲಿ ಸಂಕಟಕ್ಕೆ ಇದ್ದ ಔಷಧಿ ಅದೊಂದೇ. ಇಡೀ ಬೀದಿಯವರಿಗೆ ಅಪ್ಪ ಅರ್ಜಿ ಬರೆದುಕೊಡುತ್ತಿದ್ದರು. ಒಕ್ಕಣೆ ಸರಿಯಿದ್ದರೆ ಆಗದ ಕೆಲಸವಿಲ್ಲ ಎಂಬುದು ಅವರ ಮೊದಲ ನಂಬಿಕೆ. ಬಂದ ಪತ್ರಕ್ಕೆ ಉತ್ತರ ಬರೆಯಲೇಬೇಕು ಎಂಬುದು ಎರಡನೆಯದು. “ಉತ್ತರ ಬರೆಯದೇ ಇಟ್ಟ ಪತ್ರ, ಬಾಗಿಲಲ್ಲಿ ನಿಲ್ಲಿಸಿದ ನೆಂಟ ಎರಡೂ ಒಂದೇ” ಎನ್ನುತ್ತಿದ್ದರು. ಮೂರನೆಯ ನಂಬಿಕೆ ಸಹಿಯ ಬಗ್ಗೆ. ಇನ್ನೊಬ್ಬರ ಸಹಿ ಹಾಕುವುದಕ್ಕಿಂತ ದೊಡ್ಡ ಕಳ್ಳತನ ಅವರ ಲೆಕ್ಕದಲ್ಲಿ ಇರಲಿಲ್ಲ. ನಾನು ಮೊದಲ ನಂಬಿಕೆಯನ್ನು ಹಿಡಿದುಕೊಂಡು ಮೂರನೆಯದನ್ನು ಮರೆತೆ. ಮಕ್ಕಳ ಅರ್ಜಿಯನ್ನು ಯಾರು ಓದುತ್ತಾರೆ? ಅಪ್ಪನ ಮೇಜಿನ ಹಾಳೆ, ಅಪ್ಪನ ಪೆನ್ನು, ಅಪ್ಪನ ಒಕ್ಕಣೆ, ಕೊನೆಗೆ ಅಪ್ಪನ ಹೆಸರು, ಹುದ್ದೆ, ಕಚೇರಿಯ ವಿಳಾಸ, ಸಹಿ. ಅದರ ಮಾತು ಮಾತೂ ನನಗೆ ಬಾಯಿಪಾಠವಾಗಿದೆ:

“ಮಾನ್ಯರೇ, ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಮ್ಮ ಕಾರ್ಯಕ್ರಮದ ಮೂಲೆಯವರ ಸದ್ದಿನಿಂದ ಈ ಮನೆಯ ಕಿರಿಯ ಸದಸ್ಯರಿಗೆ ತೀವ್ರ ತೊಂದರೆಯುಂಟಾಗಿದ್ದು, ಹಿರಿಯ ಸದಸ್ಯರೊಬ್ಬರು ಬಚ್ಚಲಿಗೂ ಜೊತೆಯಲ್ಲಿ ಹೋಗಬೇಕಾದ ಪರಿಸ್ಥಿತಿ ನಿರ್ಮಾಣವಾಗಿದೆ. ಆದಕಾರಣ ಮೂಲೆಯವರ ವಿರುದ್ಧ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿದೆ. ಪ್ರತಿ: ಕಡತಕ್ಕೆ, ಮಾಹಿತಿಗಾಗಿ.”

ಹಿರಿಯ ಸದಸ್ಯರೆಂದರೆ ನಾನೇ ಎಂದು ಬೇರೆ ಹೇಳಬೇಕಾಗಿಲ್ಲ. ಶಾಲೆಗೆ ಹೋಗುವಾಗ ಅದನ್ನು ಅಂಚೆ ಡಬ್ಬಿಗೆ ಹಾಕಿದೆ.

ಎಂಟನೆಯ ಕಂತಿನಲ್ಲಿ ಒಂದು ಆಶ್ಚರ್ಯ ನಡೆಯಿತು. ಸರ್ರ್ ಎಂದಿತು, ಹೂಂ ಎಂದಿತು, ತಮ್ಮ ನನ್ನ ಬೆನ್ನ ಹಿಂದೆ ಅಡಗಿದ. ಟಕ್ ಎನ್ನುವ ಬದಲು ಮೂಲೆಯವರು ಆಕ್ಷೀ ಎಂದು ಸೀನಿಬಿಟ್ಟರು! ಒಂದಲ್ಲ, ಮೂರು ಸೀನು. ಅಟ್ಟದ ಧೂಳಿಗೆ ಅವರಿಗೆ ನೆಗಡಿ ಹಿಡಿದಿತ್ತು. ತಮ್ಮ ಬಿದ್ದು ಬಿದ್ದು ನಕ್ಕ. ಒಂಬತ್ತನೆಯ ಕಂತಿನಲ್ಲಿ ಕೆಟಲಮ್ಮ ಅವರಿಗೆ ಬಿಸಿನೀರು ಕೊಟ್ಟಳು, ಅವರು ಸೊರ್ರನೆ ಕುಡಿದರು. ಆ ವಾರವೆಲ್ಲ ತಮ್ಮ ನಮ್ಮ ಮನೆಯ ಮೂಲೆಗಳಿಗೆ ಒಂದೊಂದು ಲೋಟ ನೀರಿಟ್ಟ. ಅಮ್ಮ ಎಡವಿ ಎರಡು ಲೋಟ ಚೆಲ್ಲಿದರು, ನಮಗಿಬ್ಬರಿಗೂ ಬೈದರು.

ಹತ್ತನೆಯ ಗುರುವಾರ ಐದೂವರೆಗೆ ಟಿವಿ ಹಾಕಿದರೆ ಒಂದು ಮೇಜು, ಮೂರು ಕುರ್ಚಿ, ಟೈ ಕಟ್ಟಿದ ಇಬ್ಬರು ಮತ್ತು ಸೀರೆಯುಟ್ಟ ಒಬ್ಬರು ಕುಳಿತು ಏನನ್ನೋ ಚರ್ಚಿಸುತ್ತಿದ್ದರು. ಮುಂದಿನ ಗುರುವಾರವೂ ಅವರೇ. ತಮ್ಮ ಮೂಲೆ ಮೂಲೆ ಹುಡುಕಿ ಬಂದು, “ಅಕ್ಕಾ, ಮೂಲೆಯವರು ಎಲ್ಲಿಗೆ ಹೋದ್ರು?” ಎಂದು ಗೊಳೋ ಎಂದು ಅತ್ತ. ಸೂಕ್ತ ಕ್ರಮ ಕೈಗೊಂಡಿದ್ದಾರೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಹೇಳಿದರೆ ತಮ್ಮ ಜನ್ಮಕ್ಕೂ ಕ್ಷಮಿಸುವುದಿಲ್ಲ, ಅಪ್ಪನಿಗೆ ಸಹಿಯ ವಿಷಯ ಗೊತ್ತಾಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡೆ.

ಅದೇ ಸುಮಾರಿಗೆ ಅಪ್ಪನಿಗೆ ಹೊಸದೊಂದು ಅಭ್ಯಾಸ ಅಂಟಿಕೊಂಡಿತು. ಭಾನುವಾರ ಊಟ ಮುಗಿದು ಏಳುವ ಮುಂಚೆ ಎಲ್ಲರ ಮುಖ ನೋಡಿ, “ಯಾರಿಗಾದ್ರೂ ಏನಾದ್ರೂ ಹೇಳೋದು ಬಾಕಿ ಇದೆಯಾ?” ಎಂದು ಕೇಳುವರು. ಕಚೇರಿಯ ಸಭೆಗಳ ಚಾಳಿ ಮನೆಗೂ ಬಂತು ಎಂದು ಅಮ್ಮ ಗೇಲಿ ಮಾಡುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸಿ ತಟ್ಟೆ ಎತ್ತಿಕೊಂಡು ಓಡುತ್ತಿದ್ದೆ.

ಇಪ್ಪತ್ತೊಂದನೆಯ ವಯಸ್ಸಿಗೆ ಧ್ವನಿಮುದ್ರಣದ ತರಬೇತಿ ಮುಗಿಸಿ ಇದೇ ಕೇಂದ್ರಕ್ಕೆ ಅರ್ಜಿ ಹಾಕಿದೆ. ಸಂದರ್ಶನದ ಮೇಜಿನ ಆಚೆ ಮೂವರು. ನಡುವೆ ಕುಳಿತ, ತೆಳ್ಳನೆಯ, ಮಾತೇ ಆಡದ ಮನುಷ್ಯರು ನನ್ನ ಅರ್ಜಿಯನ್ನು ಎರಡೆರಡು ಸಲ ಓದಿ, ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದರು. “ಚಿಕ್ಕವರಿದ್ದಾಗ ಟಿವಿ ನೋಡ್ತಿದ್ರಾ? ಯಾವ ಕಾರ್ಯಕ್ರಮ ಇಷ್ಟ ಆಗಿತ್ತು?” ‘ಅಟ್ಟದ ಮೇಲಿನವರು’ ಎಂದರೆ ಮುಂದಿನ ಪ್ರಶ್ನೆ ಎಲ್ಲಿಗೆ ಹೋಗುವುದೋ! “ಇಲ್ಲ ಸರ್, ನಮ್ಮನೇಲಿ ಟಿವಿ ಇರಲಿಲ್ಲ” ಎಂದುಬಿಟ್ಟೆ. ಅವರು, “ಹೌದಾ, ಪಾಪ” ಎಂದು ಅರ್ಜಿ ಮಡಿಸಿದರು. ಕೆಲಸ ಸಿಕ್ಕಿತು. ಮೂಲೆಯವರನ್ನು ಹುಟ್ಟಿಸಿದವರು ಅವರೇ ಎಂದು ಮೊದಲ ವಾರದಲ್ಲೇ ತಿಳಿಯಿತು. ಅಂದಿನಿಂದ ಒಂದು ಸುಳ್ಳನ್ನು ಸಾಕಲು ನಾನು ಪಟ್ಟ ಪಾಡು ಹೇಳತೀರದು.

ಸದ್ದಣ್ಣನವರು ಕಲಿಸಿದ್ದನ್ನು ಬರೆಯುತ್ತ ಹೋದರೆ ಸಮಿತಿಯವರು ಇನ್ನೊಂದು ಗ್ರಂಥ ತರಬೇಕಾದೀತು. ಅವರು ಮೊದಲು ಕಲಿಸಿದ್ದು ಸದ್ದನ್ನಲ್ಲ, ಮೌನವನ್ನು. ಯಾವ ಕೋಣೆಯಲ್ಲಿ ಧ್ವನಿಮುದ್ರಣ ನಡೆದರೂ ಕೆಲಸ ಮುಗಿದ ಮೇಲೆ ಆ ಖಾಲಿ ಕೋಣೆಯ ಮೌನವನ್ನು ಒಂದು ನಿಮಿಷ ಮುದ್ರಿಸಿಟ್ಟುಕೊಳ್ಳಬೇಕು. ಆಮೇಲೆ ಮಾತುಗಳ ನಡುವೆ ಕತ್ತರಿಸಿದ ಜಾಗಕ್ಕೆ ಆ ಮೌನವನ್ನು ಹಾಸಿದರೆ ಹೊಲಿಗೆ ಕಾಣುವುದಿಲ್ಲ. “ಒಂದು ಕೋಣೆ ಸುಮ್ನಿದ್ದ ಹಾಗೆ ಇನ್ನೊಂದು ಸುಮ್ನಿರಲ್ಲ ಕಣಮ್ಮ” ಎನ್ನುತ್ತಿದ್ದರು. ಈ ವಿಷಯದಲ್ಲಿ ಅವರು ಮಹಾ ಜಿಗುಟು. ಕಿರ್ರೆನ್ನುವ ಚಪ್ಪಲಿ ಹಾಕಿಕೊಂಡು ಬಂದ ಒಬ್ಬ ಹಿರಿಯ ಅಧಿಕಾರಿಯನ್ನು ಬರಿಗಾಲಿನಲ್ಲಿ ನಿಲ್ಲಿಸಿದ್ದಾರೆ. ವಿಭಾಗದೊಳಗೆ ಬಿಸ್ಕತ್ತು ತಿನ್ನಲು ಇಂದಿಗೂ ಯಾರಿಗೂ ಧೈರ್ಯವಿಲ್ಲ.

ಅವರ ಮನಸ್ಸು ಎಂಥದೆಂಬುದಕ್ಕೆ ಒಂದೆರಡು ಪ್ರಸಂಗ ಸಾಕು. ನಾಟಕವೊಂದಕ್ಕೆ ಸಮುದ್ರ ಬೇಕಾಗಿತ್ತು. ಎಷ್ಟು ಪ್ರಯತ್ನಿಸಿದರೂ ಅಲೆ ಅಲೆಯಂತೆ ಕೇಳಿಸಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಕಸ ಗುಡಿಸುತ್ತಿದ್ದ ಅಕ್ಕನ ಪೊರಕೆಯ ಸದ್ದು ಕೇಳಿ ಓಡಿಹೋಗಿ ಕರೆತಂದರು. ಪ್ರಸಾರವಾದಾಗ ಕಲಾವಿದರ ಪಟ್ಟಿಯಲ್ಲಿ ‘ಸಮುದ್ರ’ ಎಂಬುದರ ಮುಂದೆ ಆ ಅಕ್ಕನ ಹೆಸರೇ ಇತ್ತು. ನಿಯಮದಲ್ಲಿ ಅವಕಾಶವಿಲ್ಲ ಎಂದವರಿಗೆ, “ಹಾಗಾದ್ರೆ ಸಮುದ್ರ ತೆಗೆದುಬಿಡ್ತೀನಿ, ಹಡಗು ನೆಲದ ಮೇಲೆ ಹೋಗಲಿ” ಎಂದರು. ಹೆಸರು ಉಳಿಯಿತು. ಮಗಳು ಹುಟ್ಟಿ ನಾನು ಕೆಲಸಕ್ಕೆ ಮರಳಿದಾಗ, ಕಿವಿಗೆ ಹೆಡ್‌ಫೋನು ಹಾಕಿಕೊಂಡರೂ ಮನೆಯಲ್ಲಿ ಬಿಟ್ಟುಬಂದ ಮಗುವಿನ ಅಳುವೇ ಕೇಳಿಸುತ್ತಿತ್ತು, ಕೆಲಸ ಸಾಗುತ್ತಿರಲಿಲ್ಲ. ಗದರುವರೆಂದುಕೊಂಡೆ. “ನಾಳೆ ಮಗೂನ ಕರ್ಕೊಂಡು ಬಾ, ನಮ್ಮ ಸದ್ದಿನ ಭಂಡಾರದಲ್ಲಿ ಒಳ್ಳೆ ಅಳು ಇಲ್ಲ” ಎಂದರು. ಮೂರು ತಿಂಗಳು ಅವಳ ತೊಟ್ಟಿಲು ನಮ್ಮ ವಿಭಾಗದಲ್ಲೇ ಇತ್ತು. ಅವಳ ಅಳು ಇದುವರೆಗೆ ಹದಿನಾಲ್ಕು ನಾಟಕಗಳಲ್ಲಿ ಪ್ರಸಾರವಾಗಿದೆ. ಕಾಲೇಜಿಗೆ ಹೋಗುವ ಅವಳು ಇದಕ್ಕಾಗಿ ನಮ್ಮಿಬ್ಬರನ್ನೂ ಇನ್ನೂ ಕ್ಷಮಿಸಿಲ್ಲ.

ಕಂಪ್ಯೂಟರು ಬಂದು ಸಾವಿರಾರು ಸಿದ್ಧ ಸದ್ದುಗಳು ಬೆರಳ ತುದಿಗೆ ಸಿಕ್ಕಾಗಲೂ ಅವರು ಗೊಣಗಲಿಲ್ಲ. ನನ್ನ ಪಕ್ಕ ಕುಳಿತು ವಿದ್ಯಾರ್ಥಿಯಂತೆ ಕಲಿತರು. ಒಂದು ಸಿದ್ಧ ಬಾಗಿಲಿನ ಸದ್ದು ಹಾಕಿ ತೋರಿಸಿದಾಗ ಮಾತ್ರ, “ಚೆನ್ನಾಗಿದೆ. ಯಾರ ಮನೆ ಬಾಗಿಲಮ್ಮ ಇದು?” ಎಂದು ಕೇಳಿದರು.

ಇಷ್ಟು ಒಳ್ಳೆಯವರು ಒಂದು ವಿಷಯದಲ್ಲಿ ನನ್ನ ಪ್ರಾಣ ತಿನ್ನುತ್ತಿದ್ದರು. ಯಾರಾದರೂ ‘ಅಟ್ಟದ ಮೇಲಿನವರು’ ಎಂದು ಬಾಯಿಬಿಟ್ಟರೆ ನನ್ನ ಕಡೆ ತಿರುಗಿ, “ಇವರ ಮನೇಲಿ ಟಿವಿ ಇರಲಿಲ್ಲ, ಪಾಪ” ಎಂದು ಕಥೆ ಹೇಳಲು ಶುರು ಮಾಡುವರು. ಹೇಳುವುದೆಲ್ಲ ತಪ್ಪುತಪ್ಪು! ಕೊಡೆಮಾವ ಮೆಟ್ಟಿಲಿಂದ ಬಿದ್ದದ್ದನ್ನು ಒಂಟಿಬೂಟಿನ ಮೇಲೆ ಹಾಕುವರು, ಐದನೆಯ ಕಂತನ್ನು ಎರಡನೆಯದಕ್ಕೆ ಸೇರಿಸುವರು. ತಾವೇ ಮಾಡಿದ ಕಾರ್ಯಕ್ರಮವನ್ನು ಇಷ್ಟು ಮರೆಯುವುದೇ ಎಂದು ಒಳಗೊಳಗೇ ಕುದಿಯುತ್ತ, ನಾಲಿಗೆ ಕಚ್ಚಿಕೊಂಡು, “ಹೌದಾ ಸರ್?” ಎನ್ನುತ್ತಿದ್ದೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಶಿಕ್ಷೆ ಇದ್ದೇ ಇತ್ತು.

ಅಪ್ಪ ನಮ್ಮ ಕೇಂದ್ರಕ್ಕೆ ಬಂದದ್ದು ಒಂದೇ ಸಲ. ನಾನು ಮರೆತು ಬಂದ ಊಟದ ಡಬ್ಬಿ ಕೊಡಲು ಬಂದಿದ್ದರು; ಆಗ ಅವರಿಗೂ ನಿವೃತ್ತಿಯಾಗಿತ್ತು. ಸದ್ದಣ್ಣನವರಿಗೆ ಪರಿಚಯಿಸಿ, ಚಹಾ ತರಲು ಹೋಗಿ ಬಂದರೆ ಧ್ವನಿಮುದ್ರಣದ ಎರಡನೆಯ ಬೂತಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಗಾಜಿನಾಚೆ ಇಬ್ಬರೂ ಕೈ ಕಟ್ಟಿಕೊಂಡು ಎದುರುಬದುರು ಸುಮ್ಮನೆ ಕುಳಿತಿದ್ದರು. ದೀಪ ಆರಿದ ಮೇಲೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಮೌನ ರೆಕಾರ್ಡ್ ಮಾಡ್ತಿದ್ವಿ. ನಿಮ್ಮಪ್ಪ ಚೆನ್ನಾಗಿ ಸುಮ್ನಿರ್ತಾರೆ” ಎಂದರು ಸದ್ದಣ್ಣ. ಅಪ್ಪ ನಕ್ಕು, ಆರಿದ ಚಹಾ ಕುಡಿದು, ಮನೆಗೆ ಹೋದರು. ಅವರು ತೀರಿಕೊಂಡು ಈಗ ಆರು ವರ್ಷವಾಯಿತು. ಕೊನೆಯ ಭಾನುವಾರದವರೆಗೂ ಅವರ ಪ್ರಶ್ನೆ ತಪ್ಪಲಿಲ್ಲ; ನನ್ನ ಇಲ್ಲವೂ ತಪ್ಪಲಿಲ್ಲ.

ಕಳೆದ ತಿಂಗಳು ಈ ಲೇಖನಕ್ಕಾಗಿ ವಿವರ ಬರೆದುಕೊಳ್ಳಲು ಸದ್ದಣ್ಣನವರ ಮುಂದೆ ಕುಳಿತೆ. ಅವರು ಮೇಜಿನ ಡ್ರಾಯರುಗಳನ್ನು ಖಾಲಿ ಮಾಡುತ್ತ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

“ಅಟ್ಟದ ಮೇಲಿನವರು. ಒಟ್ಟು ಎಂಟು ಕಂತು, ಬರ್ಕೋ. ಎಂಟನೇದ್ರಲ್ಲಿ ಒಂಟಿಬೂಟಿಗೆ ನೆಗಡಿ ಆಗುತ್ತೆ.”

ಇದು ಅಚ್ಚಾಗುವ ಪುಸ್ತಕ. ಎಂಟು ಎಂದು ಅಚ್ಚಾಗಿಬಿಟ್ಟರೆ ಮುಂದೆ ಬರುವವರಿಗೆ ಎಂಟೇ ಗತಿ. ಇಪ್ಪತ್ತೆರಡು ವರ್ಷ ಕಟ್ಟಿಟ್ಟದ್ದು ಕಿತ್ತುಕೊಂಡು ಬಂತು. “ಒಂಬತ್ತು ಸರ್! ಒಂಬತ್ತು ಕಂತು! ನೆಗಡಿ ಆಗಿದ್ದು ಬೂಟಿಗಲ್ಲ, ಮೂಲೆಯವರಿಗೆ! ಒಂಬತ್ತನೇದ್ರಲ್ಲಿ ಕೆಟಲಮ್ಮ ಬಿಸಿನೀರು ಕೊಟ್ಟಿದ್ದೂ ಮರೆತುಹೋಯ್ತಾ ನಿಮಗೆ?”

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಸದ್ದಣ್ಣನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಟಿವಿ ಇಲ್ಲದ ಮನೇಲಿ ಇಷ್ಟೆಲ್ಲ ಹೇಗಮ್ಮ ಕಾಣಿಸ್ತು?”

ಎಲ್ಲವನ್ನೂ ಹೇಳಿಬಿಟ್ಟೆ. ತಮ್ಮ, ಫ್ರಾಕಿನ ತುದಿ, ಅರ್ಜಿ, ಅಪ್ಪನ ಸಹಿ, ಹತ್ತನೆಯ ಗುರುವಾರದ ಮೂರು ಕುರ್ಚಿ. ನಲವತ್ತಮೂರು ವರ್ಷದವಳು ಮಗುವಿನ ಹಾಗೆ ಅತ್ತೆ. ನಿಮ್ಮ ಕಾರ್ಯಕ್ರಮ ನಿಲ್ಲಿಸಿದವಳು ನಾನೇ ಸರ್ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ನಿನ್ನ ಒಂದು ಪತ್ರಕ್ಕೆ ಕಾರ್ಯಕ್ರಮ ನಿಲ್ಲೋ ಹಾಗಿದ್ದಿದ್ರೆ ಆವತ್ತೇ ನಿನ್ನನ್ನ ಕರೆದು ನಿರ್ದೇಶಕಿ ಮಾಡಬೇಕಿತ್ತು. ವಾರ್ತೆಯವರಿಗೆ ಸ್ಟುಡಿಯೊ ಬೇಕಾಗಿತ್ತು, ಕೊಟ್ಟರು. ನಮ್ಮ ಅಟ್ಟ ಬಿಚ್ಚಿದ್ರು. ಅಷ್ಟೇ ಕಥೆ.” ಆಮೇಲೆ ನಗು ನಿಲ್ಲಿಸಿ ಹೇಳಿದರು: “ಆ ಗೊಂಬೆಗಳಿಗೆ ಚೀಲಗಟ್ಟಲೆ ಪತ್ರ ಬರ್ತಿತ್ತು. ಸದ್ದಿನ ಬಗ್ಗೆ ಬಂದಿದ್ದು ಒಂದೇ ಒಂದು, ನಿಂದು. ದೂರಾದ್ರೇನು? ಈ ಕೋಣೇಲಿ ಚೀಲ ಎಳ್ಕೊಂಡು, ಬಾಟಲಿ ಊದ್ಕೊಂಡು ಕೂತಿದ್ರೆ ಯಾರಿಗೆ ಕೇಳಿಸುತ್ತೆ, ಬಿಟ್ಟು ಅಣ್ಣನ ಅಂಗಡಿಗೆ ಹೋಗೋಣ ಅಂತಿದ್ದೆ. ಯಾರೋ ಕೇಳಿಸ್ಕೊಂಡು ಹೆದರಿದ್ದಾರೆ ಅಂತ ಗೊತ್ತಾಯ್ತಲ್ಲ, ಉಳ್ಕೊಂಡೆ. ಹೆದರಿಸೋನಿಗೆ ನೆಗಡಿ ಬಂದ್ರೆ ಯಾರೂ ಹೆದರಲ್ಲ ಅಂತ ಸೀನು ಹಾಕಿದೆ. ಸೂಕ್ತ ಕ್ರಮ ಕೈಗೊಳ್ಳಲಾಗಿದೆ ಅಂತ ನಿಮ್ಮಪ್ಪನ ಕಚೇರಿಗೆ ಉತ್ತರಾನೂ ಬರೆದೆ.”

ಕಚೇರಿಗೆ! ನಾನೇ ಬರೆದ ವಿಳಾಸ. ಅಪ್ಪ ಉತ್ತರ ಬರೆಯದೆ ಬಿಡುವವರಲ್ಲ. ಸದ್ದಣ್ಣನವರು ಕೊನೆಯ ಡ್ರಾಯರಿನಿಂದ ಮರದ ಕ್ಲಿಪ್ಪು ಕಚ್ಚಿದ್ದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಅಕ್ಷರ ಅಪ್ಪನದು.

“ಮಾನ್ಯರೇ, ತಮ್ಮ ಪತ್ರ ತಲುಪಿತು. ಕೈಗೊಂಡ ಕ್ರಮದ ಫಲಿತಾಂಶ ನೋಡಿ ಬರೆಯೋಣವೆಂದು ಉತ್ತರ ತಡವಾಯಿತು, ಕ್ಷಮೆಯಿರಲಿ. ಮೊದಲನೆಯದಾಗಿ, ದೂರು ಬರೆದದ್ದು ನಾನಲ್ಲ, ಒಂಬತ್ತು ವರ್ಷದ ನನ್ನ ಮಗಳು. ಒಕ್ಕಣೆಯಲ್ಲಿ ತಪ್ಪಿಲ್ಲದ ಕಾರಣ ತಮಗೆ ಅನುಮಾನ ಬಂದಿರಲಾರದು. ಎರಡನೆಯದಾಗಿ, ಸೀನಿನ ನಂತರ ಮಗ ಹೆದರುವುದನ್ನು ಬಿಟ್ಟಿದ್ದಾನೆ. ಮೂರನೆಯದಾಗಿ, ಮೂಲೆಯವರನ್ನು ಯಾವ ಕಾರಣಕ್ಕೂ ತೆಗೆಯಬಾರದಾಗಿ ಕೋರುತ್ತೇನೆ. ಪೇಪರು ಅಡ್ಡ ಹಿಡಿದು ನಾನೂ ಪ್ರತಿ ವಾರ ಕೇಳುತ್ತಿದ್ದೇನೆ. ಮನೆಯಲ್ಲಿ ಮೂಲೆಯ ಕುರ್ಚಿ ನನ್ನದೇ ಆದ್ದರಿಂದ ಅವರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ. ಕೊನೆಯದಾಗಿ, ಈ ಪತ್ರದ ವಿಷಯವನ್ನು ನನ್ನ ಮಗಳಿಗೆ ತಿಳಿಸಬಾರದಾಗಿ ವಿನಂತಿ. ಸಹಿಯ ವಿಷಯ ಅವಳಾಗಿಯೇ ಬಂದು ಹೇಳಲೆಂದು ಕಾಯುತ್ತಿದ್ದೇನೆ.”

ಭಾನುವಾರದ ಆ ಪ್ರಶ್ನೆ ನನ್ನೊಬ್ಬಳನ್ನೇ ಕೇಳಿದ್ದು ಎಂದು ಆಗ ತಿಳಿಯಿತು. ಅಷ್ಟು ವರ್ಷ ಅವರು ಕೇಳಿದರು, ಅಷ್ಟು ವರ್ಷ ನಾನು ತಟ್ಟೆ ಎತ್ತಿಕೊಂಡು ಓಡಿದೆ.

“ನಿನ್ನ ಕೆಲಸದ ಅರ್ಜಿ ನೋಡಿದಾಗ್ಲೇ ಗೊತ್ತಾಯ್ತು” ಎಂದರು ಸದ್ದಣ್ಣ. “ಅದೇ ಒಕ್ಕಣೆ, ತಂದೆ ಹೆಸರು ಅದೇ. ಹೇಳ್ತೀಯೇನೋ ಅಂತ ಕೇಳಿದ್ರೆ ಟಿವಿನೇ ಇರಲಿಲ್ಲ ಅಂದುಬಿಟ್ಟೆ. ನಾನಾಗಿ ಹೇಳೋ ಹಾಗಿಲ್ಲ, ಮಾತು ಕೊಟ್ಟಿದೀನಿ. ತಪ್ಪುತಪ್ಪು ಕಥೆ ಹೇಳಿ ಹೇಳಿ ನನ್ನ ಬಾಯಿ ನೋವು ಬಂತು, ನೀನು ಬಾಯಿ ಬಿಡಲಿಲ್ಲ. ಎಂಥ ಗಟ್ಟಿ ಪಿಂಡ ಪುಣ್ಯಾತ್ಗಿತ್ತಿ ನೀನು!”

“ಅಪ್ಪ ಇಲ್ಲಿಗೆ ಬಂದಿದ್ದಾಗ ಏನು ಮಾತಾಡಿದ್ರಿ ಸರ್?”

“‘ಇನ್ನೂ ಹೇಳಿಲ್ವಾ?’ ಅಂದ್ರು. ‘ಇಲ್ಲ’ ಅಂದೆ. ‘ಹೇಳ್ತಾಳೆ ಬಿಡಿ, ಅವಸರ ಇಲ್ಲ’ ಅಂದ್ರು. ಆಮೇಲೆ ನಿಜವಾಗ್ಲೂ ಮೌನಾನೇ ರೆಕಾರ್ಡ್ ಮಾಡಿದ್ವಿ. ನೀನು ದಿನಾ ಬಳಸ್ತೀಯಲ್ಲ, ಎರಡನೇ ಬೂತಿನ ಮೌನ, ಅದೇ.”

ನಮ್ಮ ಭಂಡಾರದಲ್ಲಿ ಆ ಬೂತಿನ ಮೌನಗಳು ಹಲವಿವೆ. ಹೊಲಿಗೆ ಚೆನ್ನಾಗಿ ಕೂರುವುದೆಂದು ನಾನು ಯಾವಾಗಲೂ ಎತ್ತಿಕೊಳ್ಳುವುದು ಒಂದನ್ನೇ. ಎಷ್ಟು ನೂರು ಕಾರ್ಯಕ್ರಮಗಳ ಕೆಳಗೆ ಅಪ್ಪ ಕುಳಿತಿದ್ದಾರೋ ಲೆಕ್ಕವಿಲ್ಲ. ಅವರಿಗೆ ಹೇಳಲಿಲ್ಲವಲ್ಲ, ಹೇಳಲಿಲ್ಲವಲ್ಲ ಎಂದು ನಾನು ಬಿಕ್ಕುತ್ತಿದ್ದಾಗ ಸದ್ದಣ್ಣನವರು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟರು. “ನಾನು ಕಾಯ್ತಿದ್ದದ್ದು ಅವರ ಪರವಾಗೇ. ನನಗೆ ಹೇಳಿದ್ರೆ ಅವರಿಗೆ ಸೇರಿತು ಅಂತಲೇ ಅಂದ್ಕೋ” ಎಂದರು.

ಆ ಸಂಜೆಯೇ ತಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಈಗ ಅವನು ಲಿಫ್ಟುಗಳನ್ನು ರಿಪೇರಿ ಮಾಡುತ್ತಾನೆ, ಕತ್ತಲ ಗುಂಡಿಗಳಿಗೆ ಒಬ್ಬನೇ ಇಳಿಯುತ್ತಾನೆ. ದೂರಿನ ವಿಷಯ ಕೇಳಿ, “ಅಯ್ಯೋ ಕಳ್ಳೀ” ಎಂದು ನಕ್ಕು, “ಅದಿರಲಿ, ಕೊನೆಗೆ ಮೂಲೆಯವರು ಯಾರು ಅಂತ ಕೇಳಿದ್ಯಾ?” ಎಂದ. ಕೇಳಿದ್ದೆ. ಗೊಂಬೆ ಮಾಡುವವರ ಕೈ ಸರಿಹೋಗಲೆಂದು ಕಾಯುತ್ತಿದ್ದರಂತೆ, ಅಷ್ಟರಲ್ಲಿ ಎಲ್ಲ ಮುಗಿಯಿತಂತೆ, ಯಾರೆಂದು ಯಾರೂ ತೀರ್ಮಾನಿಸಿರಲೇ ಇಲ್ಲವಂತೆ. “ಒಳ್ಳೇದೇ ಆಯ್ತು ಬಿಡು” ಎಂದ ತಮ್ಮ.

ಇಂಥ ಗ್ರಂಥಗಳಲ್ಲಿ ಲೇಖನದ ಕೊನೆಗೆ ಹಾರೈಸುವುದು ಸಂಪ್ರದಾಯ. ನನಗೆ ಬರುವ ಒಕ್ಕಣೆ ಒಂದೇ ಆದ್ದರಿಂದ ಅದರಲ್ಲೇ ಹಾರೈಸುತ್ತೇನೆ.

ಮಾನ್ಯರೇ,

ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಮೂವತ್ತನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಯಿಂದ ಮೂಲೆಯವರ ವಿರುದ್ಧ ಸಲ್ಲಿಸಿದ್ದ ದೂರನ್ನು ಹಿಂದಕ್ಕೆ ಪಡೆಯಲಾಗಿದೆ. ಸದರಿ ದೂರಿನ ಸಹಿ ನನ್ನ ತಂದೆಯವರದಲ್ಲವೆಂದೂ ಅದನ್ನು ಹಾಕಿದವಳು ನಾನೇ ಎಂದೂ ಒಪ್ಪಿಕೊಳ್ಳುತ್ತೇನೆ. ತಾವು ನೂರು ವರ್ಷ ಆರೋಗ್ಯದಿಂದ ಬಾಳಬೇಕೆಂದೂ, ನಿವೃತ್ತಿಯ ನೆಪ ಹೇಳಿ ಬಾಟಲಿ, ಕ್ಲಿಪ್ಪು, ಚರ್ಮದ ಚೀಲಗಳನ್ನು ಅಟ್ಟಕ್ಕೆ ಹಾಕಬಾರದೆಂದೂ, ವಾರಕ್ಕೊಮ್ಮೆಯಾದರೂ ಬಂದು ನಮ್ಮ ಬಾಗಿಲುಗಳು ಯಾರ ಮನೆಯವೆಂದು ವಿಚಾರಿಸಬೇಕೆಂದೂ ಕೋರುತ್ತೇನೆ. ವಿಭಾಗದ ಮೂಲೆಯ ಕುರ್ಚಿಯನ್ನು ತಮಗಾಗಿ ಕಾದಿರಿಸಲಾಗಿದೆ. ನನ್ನ ಕಡೆಯಿಂದ ಹೇಳುವುದು ಇನ್ನೇನೂ ಬಾಕಿ ಇಲ್ಲ.

ತಮ್ಮ ವಿಶ್ವಾಸಿ,
ನೀರು ಸರಬರಾಜು ಕಚೇರಿಯ ಗುಮಾಸ್ತರ ಮಗಳು, ವಯಸ್ಸು ನಲವತ್ತಮೂರು
(ಸಹಿ ನನ್ನದೇ)

ಪ್ರತಿ: ಅಪ್ಪನಿಗೆ, ಮಾಹಿತಿಗಾಗಿ.